ಪಾರ್ಕ್‌ನ ನಕ್ಷೆ ಬರೆಯೋ ಮುಂಚೆ ಒಂದು ಗುಂಡಿ ತೋಡಿ

ಹೊಸ ಬಡಾವಣೆಯಲ್ಲಿ ಪಾರ್ಕ್‌ಗೆ ಅಂತ ಬಿಟ್ಟ ಜಾಗ ಹೆಚ್ಚಾಗಿ ಯಾವುದಿರುತ್ತದೆ? ಸೈಟ್ ಮಾಡಿ ಮಾರಲು ಬಾರದ ಜಾಗ. ರಾಜಕಾಲುವೆ ಪಕ್ಕದ ತಗ್ಗು, ಹೈಟೆನ್ಷನ್ ತಂತಿ ಕೆಳಗಿನ ಪಟ್ಟಿ, ಬಂಡೆ ಎದ್ದಿರುವ ಮೂಲೆ. ರಸ್ತೆ ಮಾಡುವಾಗ ಜಲ್ಲಿ ಸುರಿಯುವುದು ಅಲ್ಲೇ, ರೋಲರ್ ನಿಲ್ಲಿಸುವುದು ಅಲ್ಲೇ. ಅಕ್ಕಪಕ್ಕ ಮನೆ ಏಳುವಾಗ ಒಡೆದ ಇಟ್ಟಿಗೆ, ಗಾರೆ, ಟೈಲ್ಸ್ ಚೂರು ರಾತ್ರೋರಾತ್ರಿ ಬಂದು ಬೀಳುವುದೂ ಅಲ್ಲೇ. ಎಷ್ಟೋ ವರ್ಷ ಆದ ಮೇಲೆ ಪಾರ್ಕ್‌ಗೆ ಹಣ ಮಂಜೂರಾಗುತ್ತದೆ. ಆಗ ಮೊದಲು ತಯಾರಾಗುವುದು ನಕ್ಷೆ. ವಾಕಿಂಗ್ ಪಾತ್ ಇಲ್ಲಿ, ಹುಲ್ಲುಹಾಸು ಅಲ್ಲಿ, ಮಕ್ಕಳ ಜಾರುಬಂಡಿ ಆ ಮೂಲೆಗೆ. ಮಣ್ಣಿನ ವಿಚಾರ? 'ಮೇಲೆ ನಾಲ್ಕು ಲೋಡ್ ಕೆಂಪು ಮಣ್ಣು ಹೊಡೆಸೋಣ ಬಿಡಿ' ಅನ್ನುವಲ್ಲಿಗೆ ಮುಗಿಯುತ್ತದೆ.

ಮೊದಲ ಮಳೆಗಾಲದಲ್ಲಿ ಎಲ್ಲ ಹಸಿರಾಗಿಯೇ ಕಾಣುತ್ತದೆ. ಎರಡು ಮೂರು ವರ್ಷ ಕಳೆದರೆ ಹುಲ್ಲು ತೇಪೆ ತೇಪೆಯಾಗಿ ಒಣಗುತ್ತದೆ. ನೆಟ್ಟ ಗಿಡ ಸಾಯುವುದೂ ಇಲ್ಲ, ಏಳುವುದೂ ಇಲ್ಲ. ಮಾಲಿ ಗೊಬ್ಬರ ಜಾಸ್ತಿ ಹಾಕುತ್ತಾನೆ, ನೀರು ಜಾಸ್ತಿ ಬಿಡುತ್ತಾನೆ. ಆದರೂ ಏನೂ ಬದಲಾಗುವುದಿಲ್ಲ. ಯಾಕಂದ್ರೆ ಪಟ್ಟಣದ ಪಾರ್ಕ್‌ನಲ್ಲಿ ಗಿಡ ಸೊರಗುವುದು ಹೆಚ್ಚಾಗಿ ಗೊಬ್ಬರದ ಕೊರತೆಯಿಂದಲ್ಲ. ಬೇರಿಗೆ ಗಾಳಿ ಸಿಗದೆ, ನೀರು ಇಂಗದೆ, ಕೆಳಗೆ ಇಳಿಯಲು ಜಾಗವೇ ಇಲ್ಲದೆ. ಇದು ಲ್ಯಾಬ್ ರಿಪೋರ್ಟ್‌ನಲ್ಲಿ ಕಾಣುವುದಿಲ್ಲ, ಗುಂಡಿಯಲ್ಲಿ ಕಾಣುತ್ತದೆ. ಮಣ್ಣು ಪರೀಕ್ಷೆ ಅಂದ ಕೂಡಲೇ ಪೊಟ್ಟಣ ಕಟ್ಟಿ ಲ್ಯಾಬ್‌ಗೆ ಕಳಿಸುವುದು ನಮ್ಮ ರೂಢಿ. ಪಾರ್ಕ್ ಮಟ್ಟಿಗೆ ಅದು ಕೊನೆಗೆ ಮಾಡಬೇಕಾದ ಕೆಲಸ.

ಮೊದಲು ಜಾಗದ ಚರಿತ್ರೆ

ಗುದ್ದಲಿ ಹಿಡಿಯುವ ಮುಂಚೆ ಊರಿನ ಹಳಬರನ್ನು ಕೇಳಿ. ಇಲ್ಲಿ ಮೊದಲು ಏನಿತ್ತು? ರಾಗಿ ಹೊಲವೋ, ಗದ್ದೆಯೋ, ಇಟ್ಟಿಗೆ ಗೂಡೋ, ಗ್ಯಾರೇಜೋ? ಇಟ್ಟಿಗೆ ಗೂಡು ಇತ್ತು ಅಂದರೆ ಮೇಲ್ಮಣ್ಣು ಆಗಲೇ ಸುಟ್ಟು ಗೋಡೆಯಾಗಿ ಹೋಗಿದೆ ಅಂತ ಅರ್ಥ. ಗ್ರಾಮ ನಕ್ಷೆ ತೆಗೆದು ನೋಡಿದರೆ ಕೆರೆ, ಕಾಲುವೆ, ಖರಾಬು ಎಲ್ಲ ಗೆರೆ ಸಮೇತ ಸಿಗುತ್ತವೆ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಉಪಗ್ರಹ ಚಿತ್ರಗಳನ್ನು ಹಿಂದಕ್ಕೆ ಸರಿಸಿ ನೋಡಬಹುದು. ಯಾವ ಮೂಲೆಯಲ್ಲಿ ಯಾವಾಗ ಮಣ್ಣು ತುಂಬಿದರು ಅನ್ನುವುದು ಎಷ್ಟೋ ಸಲ ಅಲ್ಲೇ ಗೊತ್ತಾಗುತ್ತದೆ.

ಬೆಂಗಳೂರಿಗೆ ಇದು ಇನ್ನೂ ಮುಖ್ಯ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಮೇಲೆ. ಹೆಸರು ಬದಲಾದರೂ ನೀರಿಗೆ ತನ್ನ ದಾರಿ ನೆನಪಿರುತ್ತದೆ. ಕೆರೆ ಅಂಗಳ, ಗದ್ದೆ ಬಯಲಿನಲ್ಲಿ ಮಾಡುವ ಪಾರ್ಕ್‌ನಲ್ಲಿ ಕೆಳಗೆ ಅಂಟು ಜೇಡಿ ಇರುತ್ತದೆ, ಮಳೆಗಾಲದಲ್ಲಿ ನೀರು ಮೇಲಕ್ಕೆ ಬರುತ್ತದೆ. ಅಲ್ಲಿ ಗುಲ್‌ಮೊಹರ್ ನೆಟ್ಟು ಕಾಯುವುದು ವ್ಯರ್ಥ. ಹೊಳೆಮತ್ತಿ, ಹೊಂಗೆ ಬದುಕುತ್ತವೆ.

ಆಮೇಲೆ ಒಂದು ಸುತ್ತು ನಡೆಯಿರಿ. ಕಳೆ ಗಿಡ ಬಹಳಷ್ಟು ಹೇಳುತ್ತದೆ. ಜೊಂಡು ನಿಂತಿದ್ದರೆ ನೀರು ನಿಲ್ಲುವ ಜಾಗ. ಪಾರ್ಥೇನಿಯಂ ತುಂಬಿದ್ದರೆ ಯಾರೋ ಕೆದಕಿ ಸುರಿದ ಮಣ್ಣು. ಏನೂ ಹುಟ್ಟದ ಬೋಳು ವೃತ್ತ ಕಂಡರೆ ಎಣ್ಣೆಯೋ ಸಿಮೆಂಟ್ ನೀರೋ ಚೆಲ್ಲಿದ್ದಿರಬಹುದು. ಅದನ್ನು ಗುರುತು ಹಾಕಿಕೊಳ್ಳಿ.

ಗುಂಡಿಯೊಳಗೆ ಏನಿರುತ್ತದೆ

ಎಷ್ಟು ಗುಂಡಿ ಬೇಕು ಅನ್ನುವುದಕ್ಕೆ ಎಲ್ಲ ಜಾಗಕ್ಕೂ ಹೊಂದುವ ಒಂದೇ ಲೆಕ್ಕ ಇಲ್ಲ. ಜಾಗ ಎಷ್ಟು ಬಗೆಯಾಗಿ ಕಾಣುತ್ತದೋ ಅಷ್ಟು. ದಿಣ್ಣೆಗೆ ಒಂದು, ತಗ್ಗಿಗೆ ಒಂದು, ತುಂಬಿದ ಕಡೆ ಒಂದು, ಮುಟ್ಟದೆ ಉಳಿದ ಕಡೆ ಒಂದು. ದೊಡ್ಡ ಮರ ಬರುವ ಕಡೆ ಒಂದು ಮೀಟರ್ ಆಳ ಇರಲಿ. ಒಳಚರಂಡಿ ಪೈಪ್, ಕರೆಂಟ್ ಕೇಬಲ್ ಎಲ್ಲಿದೆ ಅಂತ ಮೊದಲೇ ವಿಚಾರಿಸಿ. ಜೆಸಿಬಿ ಬಂದರೂ ಕೊನೆಯಲ್ಲಿ ಒಂದು ಬದಿಯನ್ನು ಸನಿಕೆಯಿಂದ ನೇರವಾಗಿ ಕೆತ್ತಿ ಚೊಕ್ಕ ಮಾಡಬೇಕು. ಬಕೆಟ್ ಉಜ್ಜಿದ ಗೋಡೆಯಲ್ಲಿ ಪದರಗಳು ಕಾಣುವುದಿಲ್ಲ.

ಬೆಂಗಳೂರಿನ ಹೊರವಲಯದ ಒಂದು ಬಡಾವಣೆಯಲ್ಲಿ ಇಂಥ ಗುಂಡಿ ತೋಡಿದರೆ ಹೆಚ್ಚುಕಮ್ಮಿ ಹೀಗೆ ಕಾಣುತ್ತದೆ. ಮೇಲೆ ನಾಲ್ಕು ಬೆರಳು ಸಡಿಲ ಕೆಂಪು ಮಣ್ಣು. ಹುಲ್ಲಿನ ಬೇರು ಅಷ್ಟರಲ್ಲೇ ಹೆಣೆದುಕೊಂಡಿದೆ. ಅದರ ಕೆಳಗೆ ಒಂದಡಿ ಡೆಬ್ರಿಸ್. ಇಟ್ಟಿಗೆ ಚೂರು, ಬಿಳಿ ಗಾರೆ, ಪ್ಲಾಸ್ಟಿಕ್ ಚೀಲ, ವೈರಿನ ತುಂಡು. ಅದರ ಕೆಳಗೆ ಒಂದು ಗೇಣಿನಷ್ಟು ಗಟ್ಟಿ ಪದರ. ಹಾರೆ ಹಾಕಿದರೆ ಟಣ್ ಅನ್ನುತ್ತದೆ, ಒಡೆದರೆ ಹಾಳೆ ಹಾಳೆಯಾಗಿ ಏಳುತ್ತದೆ. ಇದು ರಸ್ತೆ ಕೆಲಸದ ಲಾರಿ, ರೋಲರ್ ಓಡಾಡಿ ತುಳಿದ ಹಳೇ ಹೊಲದ ಮೇಲ್ಮೈ. ಅದನ್ನು ದಾಟಿದ ಮೇಲೆ ಒಳ್ಳೆಯ ಕೆಂಪು ಮಣ್ಣು ಸಿಗುತ್ತದೆ. ಕೈಯಲ್ಲಿ ಹಿಡಿದರೆ ಪುಡಿಯಾಗುತ್ತದೆ, ಸಣ್ಣ ಸಣ್ಣ ರಂಧ್ರ ಕಾಣುತ್ತವೆ. ಅದರ ಕೆಳಗೆ ಮೊರಂ, ಅಂದರೆ ಕೊಳೆತ ಬಂಡೆ. ಅಷ್ಟು ಒಳ್ಳೆಯ ಮಣ್ಣು ಎರಡಡಿ ಕೆಳಗೇ ಇದೆ, ಮೇಲಿನ ಗಿಡಕ್ಕೆ ಮಾತ್ರ ಸಿಗುತ್ತಿಲ್ಲ. ಹೊರಗಿನಿಂದ ಮಣ್ಣು ತರಿಸಲು ದುಡ್ಡು ಸುರಿಯುವ ಬದಲು ಈ ಡೆಬ್ರಿಸ್ ತೆಗೆದು, ಗಟ್ಟಿ ಪದರ ಒಡೆದರೆ ಕೆಲಸ ಅರ್ಧ ಆದಂತೆ.

ಬಂಡೆ ಎಷ್ಟು ಆಳದಲ್ಲಿದೆ ಅನ್ನುವುದನ್ನೂ ಗುಂಡಿಯೇ ಹೇಳುತ್ತದೆ. ಬೆಂಗಳೂರು ಕೂತಿರುವುದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆಯ ಮೇಲೆ. ಲಾಲ್‌ಬಾಗ್‌ನಲ್ಲಿ ಅದು ಗುಡ್ಡವಾಗಿಯೇ ಎದ್ದು ನಿಂತಿದೆ. ಒಂದು ಕಡೆ ಎರಡಡಿಗೆ ಬಂಡೆ, ಸ್ವಲ್ಪ ದೂರ ಹೋದರೆ ಆಳಕ್ಕೆ ಮೊರಂ ಇರುವುದು ಇಲ್ಲಿ ಸಾಮಾನ್ಯ. ಬಂಡೆ ಸಿಕ್ಕಿದ ಕಡೆ ಮರದ ಸಾಲು ಎಳೆಯುವುದು ಬಿಟ್ಟು ಬೆಂಚು ಹಾಕಿ. ಬಂಡೆಯನ್ನೇ ತೆರೆದಿಟ್ಟರೆ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಆಟದ ಸಾಮಾನು ಇನ್ನೊಂದಿಲ್ಲ.

ಬಣ್ಣಕ್ಕೂ ಒಂದು ಮಾತು ಹೇಳಲೇಬೇಕು. ನನಗೆ ಇಡೀ ಪರೀಕ್ಷೆಯಲ್ಲಿ ಇಷ್ಟದ ಭಾಗ ಇದು. ಮಣ್ಣು ಕೆಂಪಗಿರುವುದು ಅದರಲ್ಲಿನ ಕಬ್ಬಿಣಕ್ಕೆ ಗಾಳಿ ತಗುಲಿರುವುದರಿಂದ. ವರ್ಷದಲ್ಲಿ ಬಹಳ ದಿನ ನೀರು ನಿಂತರೆ ಗಾಳಿ ಇಲ್ಲದೆ ಆ ಕಬ್ಬಿಣ ಕರಗಿ ಹರಿದುಹೋಗುತ್ತದೆ, ಮಣ್ಣು ಬೂದು ಬಣ್ಣಕ್ಕೆ ತಿರುಗುತ್ತದೆ. ನೀರು ಬಂದು ಹೋಗಿ ಮಾಡುವ ಕಡೆ ಬೂದು ಮಣ್ಣಿನಲ್ಲಿ ತುಕ್ಕಿನ ಬಣ್ಣದ ಚುಕ್ಕೆ, ಗೆರೆ ಮೂಡುತ್ತವೆ. ಹಾಗಾಗಿ ಏಪ್ರಿಲ್ ತಿಂಗಳ ಬಿರುಬಿಸಿಲಲ್ಲಿ, ಒಂದು ಹನಿ ನೀರಿಲ್ಲದ ಗುಂಡಿಯಲ್ಲಿ ನಿಂತು, ಆಗಸ್ಟ್‌ನಲ್ಲಿ ನೀರು ಎಲ್ಲಿವರೆಗೆ ಏರುತ್ತದೆ ಅಂತ ತೋರಿಸಬಹುದು. ಚುಕ್ಕೆ ಶುರುವಾಗುವ ಮಟ್ಟವೇ ಆ ಗುರುತು. ಆದರೆ ಹೊಸದಾಗಿ ತಂದು ತುಂಬಿದ ಮಣ್ಣಿನ ಬಣ್ಣ ನಂಬಬೇಡಿ. ಅದು ತನ್ನ ಹಳೇ ಊರಿನ ಸುದ್ದಿ ಹೇಳುತ್ತಿರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಬಣ್ಣ ನೋಡುವುದೂ ಬೇಡ. ಅಲ್ಲಿ ಗಾಳಿ ಆಡುತ್ತಿಲ್ಲ.

ನೀರು ಇಂಗುತ್ತದಾ?

ಇದಕ್ಕೆ ಬೇಕಿರುವುದು ಒಂದು ಬಿಂದಿಗೆ, ಒಂದು ಸ್ಕೇಲು, ಸ್ವಲ್ಪ ತಾಳ್ಮೆ. ಒಂದಡಿ ಅಗಲ, ಒಂದಡಿ ಆಳದ ಕುಳಿ ತೋಡಿ. ನೀರು ತುಂಬಿ ಪೂರ್ತಿ ಇಂಗಲು ಬಿಡಿ. ಈ ಮೊದಲ ಸಲದ ಲೆಕ್ಕ ಹಿಡಿಯಬಾರದು, ಒಣ ಮಣ್ಣು ಸುಮ್ನೆ ಹೀರಿಕೊಂಡಿರುತ್ತದೆ. ಮತ್ತೆ ತುಂಬಿ, ಆಗ ಗಂಟೆಗೆ ಎಷ್ಟು ಇಳಿಯಿತು ಅಂತ ಅಳೆಯಿರಿ. ಗಂಟೆಗೆ 2.5 ಸೆಂಟಿಮೀಟರ್‌ನಿಂದ 7.5 ಸೆಂಟಿಮೀಟರ್‌ವರೆಗೆ ಇಳಿದರೆ ಹೆಚ್ಚಿನ ಗಿಡಗಳಿಗೆ ಅನುಕೂಲ. ಅದಕ್ಕಿಂತ ಕಮ್ಮಿ ಇದ್ದರೆ ನೀರು ನಿಲ್ಲುವ ಜಾಗ. ತುಂಬಾ ಜಾಸ್ತಿ ಇದ್ದರೆ ಬೇಸಿಗೆಯಲ್ಲಿ ಟ್ಯಾಂಕರ್ ತರಿಸಬೇಕಾಗುವ ಜಾಗ, ಇಲ್ಲವೇ ಡೆಬ್ರಿಸ್‌ನ ಸಂದಿಯಲ್ಲಿ ನೀರು ಸೋರಿ ಹೋಗುತ್ತಿದೆ.

ಎರೆ ಮಣ್ಣಿನಲ್ಲಿ, ಅಂದರೆ ಒಣಗಿದರೆ ಬಿರಿಯುವ ಕಪ್ಪು ಜೇಡಿಯಲ್ಲಿ, ಈ ಪರೀಕ್ಷೆ ಬೇಸಿಗೆಯಲ್ಲಿ ಮೋಸ ಮಾಡುತ್ತದೆ. ಬಿರುಕಿನೊಳಗೆ ಬಿಂದಿಗೆಗಟ್ಟಲೆ ನೀರು ಇಳಿದು, ಆಹಾ ಎಷ್ಟು ಚೆನ್ನಾಗಿ ಇಂಗುತ್ತಿದೆ ಅನ್ನಿಸುತ್ತದೆ. ಮಳೆ ಬಂದು ಬಿರುಕು ಮುಚ್ಚಿಕೊಂಡ ಮೇಲೆ ಅದೇ ಜಾಗದಲ್ಲಿ ನೀರು ದಿನಗಟ್ಟಲೆ ನಿಲ್ಲುತ್ತದೆ. ಅದಕ್ಕೇ ಕುಳಿಯನ್ನು ಹಿಂದಿನ ದಿನದಿಂದಲೇ ನೆನೆಸಿಟ್ಟು ಅಳೆಯಬೇಕು.

ಗಟ್ಟಿತನ ತಿಳಿಯಲು ಒಂದು ಸರಳ ಕಬ್ಬಿಣದ ಸರಳು ಸಾಕು. ಮಳೆ ಬಂದು ಎರಡು ಮೂರು ದಿನ ಆದ ಮೇಲೆ, ರೈತರು ಹದ ಅನ್ನುವ ಆ ಸ್ಥಿತಿಯಲ್ಲಿ, ಸರಳನ್ನು ಕೈಯಿಂದ ಒತ್ತಿ. ಒಂದಡಿ ಸಲೀಸಾಗಿ ಇಳಿದರೆ ಬೇರೂ ಇಳಿಯುತ್ತದೆ. ಮೊಣಕೈ ನಡುಗಿದರೂ ಇಳಿಯದಿದ್ದರೆ ತೊಂದರೆ ಇದೆ. ಬೇಸಿಗೆಯಲ್ಲಿ ಮಾತ್ರ ಹೀಗೆ ನೋಡಬೇಡಿ, ಆಗ ಎಂಥ ಒಳ್ಳೆಯ ಕೆಂಪು ಮಣ್ಣೂ ಕಲ್ಲಾಗಿರುತ್ತದೆ.

ಲೆಕ್ಕ ಬೇಕು ಅನ್ನುವವರು ಸಾಂದ್ರತೆ ಅಳೆಯಬಹುದು. 10 ಸೆಂಟಿಮೀಟರ್ ಒಳವ್ಯಾಸ, 10 ಸೆಂಟಿಮೀಟರ್ ಎತ್ತರದ ಕಬ್ಬಿಣದ ಕೊಳವೆಯನ್ನು ಮಣ್ಣಿಗೆ ನೇರವಾಗಿ ಬಡಿದು, ಸುತ್ತ ಕೆತ್ತಿ, ತುಂಬಿದ ಮಣ್ಣನ್ನು ಚೆಲ್ಲದೆ ತೆಗೆಯಿರಿ. ಅದರ ಗಾತ್ರ 785 ಘನ ಸೆಂಟಿಮೀಟರ್. ಒಲೆಯಲ್ಲಿ ಪೂರ್ತಿ ಒಣಗಿಸಿ ತೂಗಿ, 785ರಿಂದ ಭಾಗಿಸಿ. 1,000 ಗ್ರಾಂ ಬಂದರೆ ಸಾಂದ್ರತೆ ಸುಮಾರು 1.3, ಬೇರಿಗೆ ಹಾಯಾಗಿದೆ. 1,335 ಗ್ರಾಂ ಬಂದರೆ 1.7 ಆಯಿತು. ಮರಳು ಜಾಸ್ತಿ ಇರುವ ಮಣ್ಣಾದರೆ ಇದನ್ನೂ ಹೇಗೋ ಸಹಿಸಬಹುದು. ಜೇಡಿ ಮಣ್ಣಿನಲ್ಲಿ 1.5ರ ಹತ್ತಿರ ಬಂದಾಗಲೇ ಬೇರು ಮುಂದೆ ಹೋಗುವುದಿಲ್ಲ.

ಗಟ್ಟಿ ನೆಲದಲ್ಲಿ ಮೂರಡಿ ಗುಂಡಿ ತೆಗೆದು, ಒಳಗೆ ಒಳ್ಳೆಯ ಮಣ್ಣು, ಗೊಬ್ಬರ ತುಂಬಿ ಗಿಡ ನೆಡುವುದು ನಮ್ಮಲ್ಲಿ ಮಾಮೂಲಿ. ಆದರೆ ಗುಂಡಿಯ ಗೋಡೆ ಗಟ್ಟಿ ಇದ್ದರೆ ಅದು ತಳಕ್ಕೆ ತೂತಿಲ್ಲದ ಹೂಕುಂಡದ ಹಾಗೆ ಆಗುತ್ತದೆ. ಮಳೆ ನೀರು ಒಳಗೇ ನಿಲ್ಲುತ್ತದೆ, ಬೇರು ಗೋಡೆ ಮುಟ್ಟಿ ಸುತ್ತು ಹಾಕುತ್ತದೆ. ಹತ್ತು ವರ್ಷದ ಮರ ಗಾಳಿಗೆ ಬುಡ ಸಮೇತ ಬಿದ್ದಾಗ ಬೇರಿನ ಗಂಟು ಅದೇ ಗುಂಡಿಯ ಆಕಾರದಲ್ಲಿ ಇರುವುದನ್ನು ನೀವೂ ನೋಡಿರಬಹುದು. ಮರದ ಬೇರು ಬಹುಪಾಲು ಇರುವುದು ಮೇಲಿನ ಎರಡು ಮೂರು ಅಡಿಯಲ್ಲಿ. ಅದು ಹಬ್ಬುವುದು ಅಗಲಕ್ಕೆ, ಕೊಂಬೆಯ ನೆರಳಿಗಿಂತಲೂ ಆಚೆಗೆ. ಹಾಗಾಗಿ ಆಳದ ಗುಂಡಿಗಿಂತ ಅಗಲವಾಗಿ ಸಡಿಲ ಮಾಡಿದ ನೆಲ ಮುಖ್ಯ.

ಯಾವ ಬಗೆಯ ಮಣ್ಣು

ಒಂದು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಉಳಿದದ್ದಕ್ಕೆ ನೀರು, ಚಿಟಿಕೆ ಡಿಟರ್ಜೆಂಟ್. ಚೆನ್ನಾಗಿ ಕುಲುಕಿ ಇಡಿ. ಮರಳು ಒಂದು ನಿಮಿಷದಲ್ಲಿ ತಳ ಸೇರುತ್ತದೆ. ನಯವಾದ ಹೂಳು ಒಂದೆರಡು ಗಂಟೆ ತೆಗೆದುಕೊಳ್ಳುತ್ತದೆ. ಜೇಡಿ ಕೂರಲು ಒಂದು ದಿನ, ಕೆಲವು ಸಲ ಎರಡು ದಿನ ಬೇಕು. ಪದರಗಳನ್ನು ಸ್ಕೇಲಿನಿಂದ ಅಳೆದರೆ ಯಾವುದು ಎಷ್ಟು ಪಾಲು ಅನ್ನುವ ಅಂದಾಜು ಸಿಕ್ಕಿತು. ಅಷ್ಟೂ ಪುರುಸೊತ್ತಿಲ್ಲದಿದ್ದರೆ ಒದ್ದೆ ಮಣ್ಣನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ಪಟ್ಟಿ ಎಳೆಯಿರಿ. ಐದು ಸೆಂಟಿಮೀಟರ್ ದಾಟಿಯೂ ಮುರಿಯದಿದ್ದರೆ ಅದು ಜೇಡಿ.

ಜೇಡಿ ಅಂತ ಗೊತ್ತಾದ ಕೂಡಲೇ 'ಮರಳು ಬೆರೆಸೋಣ' ಅನ್ನುವವರು ಇರುತ್ತಾರೆ. ಬೇಡ. ಸ್ವಲ್ಪ ಮರಳು ಬೆರೆಸಿದರೆ ಜೇಡಿ ಇನ್ನೂ ಬಿಗಿಯಾಗುತ್ತದೆ. ಪ್ರಯೋಜನ ಆಗಬೇಕಾದರೆ ಅರ್ಧಕ್ಕಿಂತ ಜಾಸ್ತಿ ಮರಳೇ ಇರಬೇಕು, ಅದು ಯಾರ ಬಜೆಟ್ಟಿಗೂ ಆಗದ ಮಾತು. ಕಾಂಪೋಸ್ಟ್ ಬೆರೆಸುವುದು, ಏರು ಮಡಿ ಮಾಡುವುದು, ನೀರಿಗೆ ದಾರಿ ಕೊಡುವುದು ವಾಸಿ.

ಹುಬ್ಬಳ್ಳಿ, ಗದಗ, ವಿಜಯಪುರದ ಕಡೆ ಎರೆ ಭೂಮಿಯಲ್ಲಿ ಪಾರ್ಕ್ ಮಾಡುವವರಿಗೆ ಗಿಡಕ್ಕಿಂತ ದೊಡ್ಡ ತಲೆನೋವು ಕಟ್ಟೋಣದ್ದು. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಪೇವರ್ ಕಲ್ಲು ಅಲೆ ಅಲೆಯಾಗಿ ಏಳುವುದು, ಕಾಂಪೌಂಡ್ ಸೀಳುವುದು ಅದರಿಂದಲೇ. ಎಷ್ಟು ಉಬ್ಬುತ್ತದೆ ಅನ್ನುವುದಕ್ಕೆ ಭಾರತೀಯ ಮಾನಕ 2720ರ 40ನೇ ಭಾಗದಲ್ಲಿ ಸುಲಭ ಪರೀಕ್ಷೆ ಇದೆ. ಒಣ ಪುಡಿ ಮಣ್ಣನ್ನು ಒಂದು ಅಳತೆ ಜಾಡಿಯಲ್ಲಿ ನೀರಿಗೆ, ಇನ್ನೊಂದರಲ್ಲಿ ಸೀಮೆಎಣ್ಣೆಗೆ ಹಾಕುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಎರಡರ ವ್ಯತ್ಯಾಸವೇ ಉತ್ತರ. ಜಾಸ್ತಿ ಬಂದರೆ ಪಾತ್ ಕೆಳಗಿನ ಎರೆ ತೆಗೆದು ಮೊರಂ ತುಂಬಿ ಕುಟ್ಟಬೇಕು. ಇಲ್ಲವೇ ಪಾತ್ ಅನ್ನು ಕಾಂಕ್ರೀಟ್ ಮಾಡದೆ ಮೊರಂನಲ್ಲೇ ಬಿಡಬೇಕು. ನನಗೆ ಎರಡನೆಯದೇ ಸರಿ ಕಾಣುತ್ತದೆ. ನಡೆಯುವವರ ಮಂಡಿಗೂ ಹಿತ. ನೀರಿನ ಟ್ಯಾಂಕ್, ಶೌಚಾಲಯದಂಥ ಭಾರದ ಕಟ್ಟಡ ಬರುವ ಕಡೆ ಮಾತ್ರ ಎಂಜಿನಿಯರ್ ಕರೆಸಿ ಬೋರ್ ಹೊಡೆಸಿ ನೆಲದ ತಾಕತ್ತು ಅಳೆಸಲೇಬೇಕು. ಅಲ್ಲಿ ಅಂದಾಜು ಕೆಲಸ ನಡೆಯುವುದಿಲ್ಲ.

ಈಗ ಲ್ಯಾಬ್‌ಗೆ

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ (ಜಿಕೆವಿಕೆ), ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಜಿಲ್ಲೆಗಳ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಮಣ್ಣು ಪರೀಕ್ಷೆ ಮಾಡಿಸಬಹುದು. ಮಾದರಿ ತೆಗೆಯುವುದೇ ಅರ್ಧ ಕೆಲಸ. ಒಂದೊಂದು ಬಗೆಯ ಜಾಗಕ್ಕೂ ಬೇರೆ ಬೇರೆ ಮಾದರಿ ಇರಬೇಕು. ಹತ್ತು ಹದಿನೈದು ಕಡೆ ವಿ ಆಕಾರದಲ್ಲಿ 15 ಸೆಂಟಿಮೀಟರ್ ಆಳಕ್ಕೆ ಕೆತ್ತಿ, ಬದಿಯಿಂದ ತೆಳು ಹಾಳೆಯಷ್ಟು ಮಣ್ಣು ತೆಗೆದು, ಪ್ಲಾಸ್ಟಿಕ್ ಬಕೆಟ್‌ನಲ್ಲಿ ಬೆರೆಸಿ. ನಾಲ್ಕು ಪಾಲು ಮಾಡಿ ಎದುರುಬದುರು ಪಾಲು ಬಿಸಾಕುತ್ತಾ ಅರ್ಧ ಕಿಲೋಗೆ ಇಳಿಸಿ, ನೆರಳಲ್ಲಿ ಒಣಗಿಸಿ, ಬಟ್ಟೆ ಚೀಲದಲ್ಲಿ ಕಟ್ಟಿ. ಮರ ಬರುವ ಕಡೆ ಒಂದೆರಡು ಅಡಿ ಆಳದ ಮಣ್ಣನ್ನೂ ಬೇರೆಯಾಗಿ ಕೊಡಿ.

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶ ಇರುತ್ತವೆ. ಪಾರ್ಕ್‌ನವರು ಮೊದಲು ನೋಡಬೇಕಾದ್ದು ಮೂರು. ರಸಸಾರ, ಅಂದರೆ ಪಿಎಚ್, 6.5ರಿಂದ 7.5ರ ನಡುವೆ ಇದ್ದರೆ ಚಿಂತೆ ಇಲ್ಲ. ಬೆಂಗಳೂರಿನ ಕೆಂಪು ಮಣ್ಣು ಸಹಜವಾಗಿ ಸ್ವಲ್ಪ ಹುಳಿ ಕಡೆಗೇ ಇರುತ್ತದೆ. ಅಲ್ಲಿ 8 ದಾಟಿತು ಅಂದರೆ ಗಾರೆ, ಸಿಮೆಂಟ್ ಬೆರೆತಿದೆ ಅಂತ ಅನುಮಾನಿಸಿ. ತೆಳು ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿ ಹಾಕಿದರೆ ಬುಸ್ ಅಂತ ನೊರೆ ಬರುತ್ತದೆ. ಅಂಥ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುವುದು ಅದರ ಗುರುತು. ಎರೆ ಮಣ್ಣಿನಲ್ಲಿ ಸುಣ್ಣದ ಹರಳು ಸಹಜವಾಗಿಯೇ ಇರುತ್ತವೆ, ಅಲ್ಲಿ ನೊರೆ ಬಂದರೆ ಗಾಬರಿ ಬೇಡ.

ಎರಡನೆಯದು ಸಾವಯವ ಇಂಗಾಲ. 0.5 ಶೇಕಡಾಕ್ಕಿಂತ ಕಡಿಮೆ ಇದ್ದರೆ ಬಡ ಮಣ್ಣು, 0.75 ದಾಟಿದರೆ ಒಳ್ಳೆಯದು. ಮೂರನೆಯದು ಲವಣಾಂಶ. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ನಂಥ ಕಡೆ ಸಂಸ್ಕರಿಸಿದ ಕೊಳಚೆ ನೀರನ್ನು ಗಿಡಕ್ಕೆ ಬಳಸುತ್ತಾರೆ. ನೀರು ಉಳಿಸಲು ಒಳ್ಳೆಯ ದಾರಿ. ಆದರೆ ಅದರಲ್ಲಿ ಉಪ್ಪಿನ ಅಂಶ ಇರುತ್ತದೆ, ಇಂಗದ ಮಣ್ಣಿನಲ್ಲಿ ಅದು ವರ್ಷದಿಂದ ವರ್ಷಕ್ಕೆ ಕೂಡುತ್ತದೆ. ಶುರುವಿನಲ್ಲೇ ಒಂದು ಅಳತೆ ಬರೆದಿಟ್ಟರೆ ಮುಂದೆ ಹೋಲಿಸಿ ನೋಡಬಹುದು. ಸಾರಜನಕ, ರಂಜಕ, ಪೊಟ್ಯಾಷ್ ಕಮ್ಮಿ ಅಂತ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಅದು ಚೀಲದಲ್ಲಿ ಸಿಗುವ ಪರಿಹಾರ.

ಜಾಗದ ಚರಿತ್ರೆಯಲ್ಲಿ ಗ್ಯಾರೇಜ್, ಪೆಟ್ರೋಲ್ ಬಂಕ್, ಬಣ್ಣದ ಕಾರ್ಖಾನೆ, ಕಸದ ಗುಡ್ಡೆ ಸಿಕ್ಕಿದ್ದರೆ ಮಾತ್ರ ಸೀಸ, ಕ್ಯಾಡ್ಮಿಯಂನಂಥ ಲೋಹಗಳ ಪರೀಕ್ಷೆಗೂ ಕೊಡಬೇಕು. ನಮ್ಮಲ್ಲಿ ಸೀಸ ಬೆರೆತ ಪೆಟ್ರೋಲ್ ನಿಂತಿದ್ದು 2000ದಲ್ಲಿ. ಅಲ್ಲಿವರೆಗೆ ದೊಡ್ಡ ರಸ್ತೆ ಪಕ್ಕದ ಮಣ್ಣಿಗೆ ಬಿದ್ದ ಸೀಸ ಎಲ್ಲಿಗೂ ಹೋಗುವುದಿಲ್ಲ. ಮಕ್ಕಳು ಆಡಿ, ಅದೇ ಕೈ ಬಾಯಿಗೆ ಇಡುತ್ತಾರೆ ಅಲ್ವಾ? ಕೆಟ್ಟ ಜಾಗ ಅಂದ ಮಾತ್ರಕ್ಕೆ ಪಾರ್ಕ್ ಆಗುವುದೇ ಇಲ್ಲ ಅಂತಲ್ಲ. ಮುಂಬೈಯ ಮಾಹಿಂ ಹತ್ತಿರ ಕಸ ಸುರಿಯುತ್ತಿದ್ದ ಜಾಗ ಇವತ್ತು ಮಹಾರಾಷ್ಟ್ರ ನೇಚರ್ ಪಾರ್ಕ್. ಅಮೆರಿಕದ ಸಿಯಾಟಲ್‌ನಲ್ಲಿ ಕಲ್ಲಿದ್ದಲು ಅನಿಲದ ಕಾರ್ಖಾನೆ ಇದ್ದ ಜಾಗವನ್ನು ಉದ್ಯಾನ ವಿನ್ಯಾಸಕ ರಿಚರ್ಡ್ ಹಾಗ್ ಪಾರ್ಕ್ ಮಾಡಿದರು, 1975ರಲ್ಲಿ ಜನರಿಗೆ ತೆರೆಯಿತು. ಡಾಂಬರು ಕುಡಿದ ಮಣ್ಣಿಗೆ ಕೊಳಚೆಯ ಗಸಿ, ಮರದ ಹೊಟ್ಟು ಬೆರೆಸಿ ಉತ್ತು, ಸೂಕ್ಷ್ಮಜೀವಿಗಳಿಗೆ ಕೆಲಸ ಹಚ್ಚಿದರು. ಆದರೂ ಆಮೇಲೆ ದಶಕಗಟ್ಟಲೆ ಅಲ್ಲಿ ಶುದ್ಧೀಕರಣದ ಕೆಲಸ ನಡೆಯುತ್ತಲೇ ಬಂದಿದೆ. ವಾರ್ಡ್ ಮಟ್ಟದ ಬಜೆಟ್‌ನಲ್ಲಿ ಆಗುವ ಕೆಲಸ ಅಲ್ಲ ಅದು. ಇಂಥ ಮಣ್ಣು ಸಿಕ್ಕರೆ ತೆಗೆಸಬೇಕು, ಇಲ್ಲವೇ ಮುಚ್ಚಿ ಮೇಲೆ ಶುದ್ಧ ಮಣ್ಣು ಹಾಕಬೇಕು. ಮಕ್ಕಳ ಆಟದ ಜಾಗವನ್ನಂತೂ ಅಲ್ಲಿಂದ ದೂರ ಇಡಬೇಕು.

ಇಷ್ಟೆಲ್ಲ ಆದ ಮೇಲೆ ಒಂದು ಹಾಳೆಯಲ್ಲಿ ಜಾಗದ ಗಡಿ ಬರೆದು ಗುಂಡಿಗಳ ಫಲಿತಾಂಶ ತುಂಬಿ. ಒಳ್ಳೆಯ ಮಣ್ಣು ಆಳವಾಗಿರುವ ಕಡೆ ದೊಡ್ಡ ಮರ. ಆಗಲೇ ಗಟ್ಟಿಯಾಗಿರುವ ಕಡೆ ಪಾತ್, ಜಿಮ್ ಸಾಮಾನು, ಬೆಂಚು. ನೀರು ನಿಲ್ಲುವ ತಗ್ಗನ್ನು ತುಂಬದೆ ಮಳೆ ನೀರು ಇಂಗಿಸುವ ಹೊಂಡ ಮಾಡಿ. ಡೆಬ್ರಿಸ್ ಇರುವ ಕಡೆ ಹುಲ್ಲುಹಾಸು ಮಾತ್ರ ಬೇಡವೇ ಬೇಡ. ನಕ್ಷೆ ಈ ಹಾಳೆಯ ಮೇಲೆ ಬರಲಿ.

ಗುತ್ತಿಗೆ ಪತ್ರದಲ್ಲೂ ಒಂದೆರಡು ಸಾಲು ಸೇರಿಸಿ. ಮರದ ಸಾಲು ಬರುವ ಪಟ್ಟಿಗೆ ಕೆಲಸ ಶುರುವಾಗುವ ಮುಂಚೆಯೇ ಬೇಲಿ ಹಾಕಬೇಕು, ಅದರೊಳಗೆ ಜೆಸಿಬಿ, ಟಿಪ್ಪರ್ ಹೋಗಬಾರದು. ಕೆರೆದ ಮೇಲ್ಮಣ್ಣನ್ನು ಮಾರಬಾರದು, ಆಳೆತ್ತರಕ್ಕಿಂತ ಎತ್ತರ ಗುಡ್ಡೆ ಹಾಕಬಾರದು, ಕೊನೆಯಲ್ಲಿ ಅದನ್ನೇ ಹರಡಬೇಕು. ಹೊರಗಿನಿಂದ ಮಣ್ಣು ತರುವುದಾದರೆ ಎಲ್ಲಿಂದ ಅಂತ ಮೊದಲು ಹೇಳಬೇಕು, ಯಾವುದೋ ಅಪಾರ್ಟ್‌ಮೆಂಟಿನ ಪಾಯದ ಮಣ್ಣು ತಂದು ಸುರಿಯುವಂತಿಲ್ಲ. ಕೆಲಸ ಮುಗಿದ ಮೇಲೆ ಅದೇ ಜಾಗಗಳಲ್ಲಿ ಮತ್ತೆ ಒಂದಡಿ ಕುಳಿ ತೋಡಿ ನೀರು ತುಂಬಿ ನೋಡಬೇಕು. ಮೊದಲಿಗಿಂತ ನಿಧಾನವಾಗಿ ಇಂಗುತ್ತಿದ್ದರೆ ಯಂತ್ರ ಓಡಾಡಿದೆ ಅಂತ ಲೆಕ್ಕ. ಸಡಿಲ ಮಾಡಿ ಕೊಡುವವರೆಗೆ ಕೊನೆಯ ಬಿಲ್ಲಿಗೆ ಸಹಿ ಹಾಕಬೇಡಿ.